ಎಡ ಪರದೆಯ ನಾಯಿ

ಜೂನ್ 3, ಸೋಮವಾರ

ಮೂರೂ ಪರದೆಗಳು ಕೊನೆಗೂ ಒಟ್ಟಿಗೆ ಬೆಳಗಿದವು. ಭಾವಮೈದುನ ಎರಡು ಗಂಟೆ ಮೇಜಿನ ಕೆಳಗೆ ಮಲಗಿ ವೈರು ಜೋಡಿಸಿದ. ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಮಾನಿಟರುಗಳು ನಮ್ಮ ಬಸ್ ಶೆಡ್ಡಿನ ಕ್ಯಾಮೆರಾ ಕೋಣೆಯಿಂದ ಗುಜರಿಗೆ ಹೊರಟಿದ್ದವು. ಟೈಮ್‌ಕೀಪರನ ಕೈಕಾಲು ಹಿಡಿದು ಮನೆಗೆ ತಂದೆ. ಎಲ್ಲ ಒಂದು ಹಳೇ ವಿಡಿಯೋ ಗೇಮಿಗಾಗಿ.

ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಲಾರಿ ಕ್ಲೀನರ್ ಆಗಿದ್ದಾಗ ಬಸ್ ನಿಲ್ದಾಣದ ಹಿಂದಿನ ಗೇಮ್ ಅಂಗಡಿಯಲ್ಲಿ ಈ ಆಟದ ಪೆಟ್ಟಿಗೆ ಇತ್ತು. ಮಂಚದಷ್ಟು ಅಗಲ. ಒಳಗೆ ಸಾಲಾಗಿ ಮೂರು ಟಿವಿ, ಕನ್ನಡಿ ಇಟ್ಟು ಮೂರನ್ನೂ ಒಂದೇ ಚಿತ್ರ ಮಾಡಿದ್ದರು. ಪ್ರವಾಹಕ್ಕೆ ಸಿಕ್ಕಿದ ಊರು, ಒಂದು ಕೆಂಪು ಹೆಲಿಕಾಪ್ಟರ್. ಮಾಳಿಗೆಗಳ ಮೇಲೆ ನಿಂತು ಕೈ ಬೀಸುವ ಜನರನ್ನು ಹಗ್ಗ ಬಿಟ್ಟು ಎತ್ತಿಕೊಂಡು ಗುಡ್ಡಕ್ಕೆ ಸೇರಿಸಬೇಕು. ಎರಡೂ ಕಡೆಯಿಂದ ಕಪ್ಪು ಹಕ್ಕಿಗಳು ನುಗ್ಗುತ್ತವೆ. ಈಗ ಕಂಪ್ಯೂಟರನ್ನೇ ಆ ಹಳೇ ಪೆಟ್ಟಿಗೆ ಎಂದು ನಂಬಿಸುವ ತಂತ್ರಾಂಶ ಬಂದಿದೆಯಂತೆ, ಎಮ್ಯುಲೇಟರ್. ಭಾವಮೈದುನ ಅದನ್ನು ಹಾಕಿಕೊಟ್ಟ. ಹೆಲಿಕಾಪ್ಟರ್ ತಿರುಗಿಸುವ ಕೋಲು, ಹಗ್ಗ ಬಿಡುವ ಗುಂಡಿ ಎಲ್ಲ ಎರಡೆರಡು ಜೊತೆ, ಇಬ್ಬರು ಆಡುವ ಹಾಗೆ.

ಮಾನಿಟರುಗಳ ನಡುವೆ ಮಾತ್ರ ಬೆರಳಗಲದ ಪ್ಲಾಸ್ಟಿಕ್ ಅಂಚು ಅಡ್ಡ ಬರುತ್ತದೆ. "ಕಿಟಕಿ ಕಂಬಿ ಅಂದ್ಕೊಳ್ಳಿ ಭಾವ. ಕಂಬಿ ಹಿಂದೆ ಹೋದೋರು ಆಚೆಗೆ ಬಂದೇ ಬರ್ತಾರೆ," ಅಂದ.

ಇವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಐವತ್ತಾರಕ್ಕೆ ಬುದ್ಧಿ ಬರತ್ತೆ ಅಂತ ಕಾಯ್ತಿದ್ದೆ. ಹೆಲಿಕಾಪ್ಟರ್ ಬಂತು," ಅಂದಳು.

ಅನ್ನಲಿ. ಬೆಳಿಗ್ಗೆ ಐದೂವರೆಗೆ ಬಸ್ ತೆಗೆದು ನಲವತ್ತೆರಡು ಹೆಂಗಸರನ್ನು ಗಾರ್ಮೆಂಟ್ಸ್ ಕಾರ್ಖಾನೆಗೆ ಮುಟ್ಟಿಸಿ, ಸಂಜೆ ಮತ್ತೆ ಮನೆ ಮನೆಗೆ ಬಿಡುವವನು ನಾನು. ನಡುವೆ ಏಳು ಗಂಟೆ. ಮಲಗಿದರೆ ನಿದ್ದೆ ಬರುವುದಿಲ್ಲ, ಕೂತರೆ ಸೊಂಟ ಕೇಳುವುದಿಲ್ಲ. ಈ ಹಾಳು ಹೊತ್ತಿಗೆ ಏನಾದರೂ ಬೇಕಿತ್ತು.

ಜೂನ್ 5, ಬುಧವಾರ

ಆಟದ ಈ ಕಾಪಿಯಲ್ಲಿ ನಾಯಿ ಇಲ್ಲ.

ಮೂರನೇ ಹಂತದಲ್ಲಿ, ಬಲಗಡೆಯ ಶಾಲೆಯ ಮಾಳಿಗೆಯಿಂದ ಮಕ್ಕಳನ್ನು ಎತ್ತುತ್ತಿರುವಾಗ, ಎಡ ಪರದೆಯ ತುದಿಯಲ್ಲಿರುವ ಮನೆಯ ಅಟ್ಟದ ಕಿಟಕಿಯಿಂದ ಒಂದು ಕಂದು ನಾಯಿ ಹೊರಗೆ ಬರುತ್ತದೆ. ಐದಾರು ಸೆಕೆಂಡು ಬಾಲ ಅಲ್ಲಾಡಿಸಿ ಒಳಗೆ ಹೋಗುತ್ತದೆ. ಯಾವ ಗಳಿಗೆಯಲ್ಲಿ ಬರುತ್ತದೆಂದು ಹೇಳಲಾಗದು. ಅದನ್ನು ಎತ್ತಿಕೊಂಡರೆ ಒಂದು ಜೀವ ಜಾಸ್ತಿ. ಆಗೆಲ್ಲ ಅಂಗಡಿಯಲ್ಲಿ ನನ್ನಷ್ಟು ಸಲ ಆ ನಾಯಿಯನ್ನು ಉಳಿಸಿದವರು ಯಾರೂ ಇರಲಿಲ್ಲ. ಈಗ ಇಪ್ಪತ್ತು ಆಟ ಆಡಿದರೂ ಅದರ ಸುಳಿವಿಲ್ಲ.

ಭಾವಮೈದುನನಿಗೆ ಫೋನ್ ಮಾಡಿ, ಯಾವುದೋ ಕಳಪೆ ಕಾಪಿ ತಂದಿದ್ದೀಯ ಅಂದೆ. ಸರಿಯಾದದ್ದೇ ಅಂತ ವಾದ ಮಾಡಿದ. ಅವನು ಹುಟ್ಟುವ ಮೊದಲೇ ನಾನು ಆ ನಾಯಿ ನೋಡಿದವನು.

ಜೂನ್ 14, ಶುಕ್ರವಾರ

ಇವಳು ಚಹಾ ಕೊಡುವುದನ್ನು ನಿಲ್ಲಿಸಿದ್ದಾಳೆ. ಮೂರು ದಿನ ಸುಮ್ಮನಿದ್ದೆ, ಇವತ್ತು ಕೇಳಿಯೇಬಿಟ್ಟೆ. "ಅರ್ಧ ಗಂಟೆಯಿಂದ ನಿಮ್ಮ ಮೊಣಕೈ ಹತ್ರಾನೇ ಇದೆ. ಬಾಯಿಗೂ ಹಾಕ್ಲಾ?" ಅಂದಳು. ನೋಡಿದರೆ ನಿಜ, ಎಡಗಡೆ ಇತ್ತು. ಮೇಲೆ ಕೆನೆ ಕಟ್ಟಿತ್ತು.

ಇಟ್ಟವಳು ಒಂದು ಮಾತು ಹೇಳಬಾರದಿತ್ತೇ? ಸದ್ದಿಲ್ಲದೆ ಇಟ್ಟು ಹೋಗಿ ಆಮೇಲೆ ಮುಖ ಊದಿಸಿಕೊಂಡರೆ ನಾನೇನು ಮಾಡಲಿ. ಇಬ್ಬರೂ ಒಂದೇ ಕೋಣೆಯಲ್ಲಿರುತ್ತೇವೆ, ಅವಳ ಯಂತ್ರದ ಸದ್ದು ಅವಳಿಗೆ, ನನ್ನ ಹೆಲಿಕಾಪ್ಟರಿನ ಸದ್ದು ನನಗೆ. ಮದುವೆಯಾಗಿ ಮೂವತ್ತು ವರ್ಷಕ್ಕೆ ಇಷ್ಟು ಮೌನ ಸಹಜವೇ ಇರಬೇಕು.

ಜೂನ್ 22, ಶನಿವಾರ

ಎಡ ಪರದೆ ಕೈಕೊಟ್ಟಿದೆ. ಹಕ್ಕಿಗಳು ಅಲ್ಲಿಂದ ಹೇಳದೆ ಕೇಳದೆ ಬಂದು ಬಡಿಯುತ್ತವೆ. ಪ್ರತಿ ಹಂತದ ಕೊನೆಯಲ್ಲಿ ಯಂತ್ರ 'ಉಳಿದುಹೋದವರು' ಎಂದು ತೋರಿಸುತ್ತದೆ, ಪಾಪದವರು ನಿಂತಲ್ಲೇ ನಿಂತು ಕೈ ಬೀಸುತ್ತಿರುತ್ತಾರೆ. ಇವತ್ತು ಏಳು ಜನ. ಏಳೂ ಜನ ಎಡಗಡೆಯವರು. ಆಡುವಾಗ ಅವರಿದ್ದರೆ ತಾನೇ ಎತ್ತುವುದು. ಕೊನೆಗೆ ಚಿತ್ರ ನಿಂತ ಮೇಲೆ ಎಲ್ಲಿಂದಲೋ ಉದುರುತ್ತಾರೆ.

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿಯಿದೆ. ಯಾವುದೇ ಭಾಗದ ಮೇಲೆ ಅನುಮಾನ ಬಂದರೆ ಬಲಗಡೆಯದನ್ನು ಎಡಕ್ಕೆ ಹಾಕು, ಎಡಗಡೆಯದನ್ನು ಬಲಕ್ಕೆ ಹಾಕು. ದೋಷವೂ ಜೊತೆಗೇ ಹೋದರೆ ಆ ಭಾಗ ಕೆಟ್ಟಿದೆ. ಅಲ್ಲೇ ಉಳಿದರೆ ಭಾಗವನ್ನು ಬೈಯಬೇಡ, ಹಿಂದಕ್ಕೆ ಹೋಗಿ ಹುಡುಕು. ಇಪ್ಪತ್ತೆಂಟು ವರ್ಷದಲ್ಲಿ ಈ ಪದ್ಧತಿ ನನಗೆ ಸುಳ್ಳು ಹೇಳಿಲ್ಲ.

ಎರಡು ಮಾನಿಟರುಗಳನ್ನು ಅದಲು ಬದಲು ಮಾಡಿದೆ. ದೋಷ ಎಡಗಡೆಯೇ ಉಳಿಯಿತು. ವೈರು ಬದಲಾಯಿಸಿದೆ, ಉಳಿಯಿತು. ವೈರು ಚುಚ್ಚುವ ಜಾಗ ಬದಲಾಯಿಸಿದೆ, ಉಳಿಯಿತು. ಅಂದರೆ ದೋಷ ಆಟದ ಕಾಪಿಯಲ್ಲೇ ಇದೆ, ನಾನು ಮೊದಲೇ ಹೇಳಿದ್ದು ನಿಜವಾಯಿತು. ಸೊಂಟ ಹಿಡಿದುಕೊಂಡಿದೆ.

ಜುಲೈ 1, ಸೋಮವಾರ

ನೀಲಿ ಕೊಡೆಯವಳು ದೂರು ಕೊಟ್ಟಿದ್ದಾಳೆ. ನೀರಿನ ಟ್ಯಾಂಕಿನ ತಿರುವಿನಲ್ಲಿ ಹತ್ತುವವಳು, ಕಾರ್ಖಾನೆಯಲ್ಲಿ ಹೊಲಿಗೆ ಪರೀಕ್ಷಿಸುವ ಕೆಲಸ. ಬಿಸಿಲಿರಲಿ ಮೋಡವಿರಲಿ, ಒಂದು ನೀಲಿ ಕೊಡೆ. ಇವತ್ತು ತಾನು ಕೈ ಬೀಸುತ್ತಲೇ ಇದ್ದರೂ ನಾನು ಬಸ್ ನಿಲ್ಲಿಸಲಿಲ್ಲವಂತೆ. ಗೇಟು ಮುಚ್ಚಿ ಅವಳಿಗೆ ಗೈರುಹಾಜರಿ ಬಿತ್ತಂತೆ.

ಟೈಮ್‌ಕೀಪರ್ ಕೇಳಿದ. "ತಿರುವಿನಲ್ಲಿ ಒಂದು ನೊಣಾನೂ ಇರ್ಲಿಲ್ಲ," ಅಂದೆ. ಟ್ರಿಪ್ ಪುಸ್ತಕದಲ್ಲಿ 'ನಿಲ್ದಾಣದಲ್ಲಿ ಯಾರೂ ಇರಲಿಲ್ಲ' ಎಂದು ಬರೆದು ಸಹಿ ಹಾಕಿದೆ. ಇಪ್ಪತ್ತೆಂಟು ವರ್ಷದಲ್ಲಿ ಬಸ್ಸಿನ ಮೇಲೆ ಒಂದು ಗೀರು ಬೀಳಿಸದವನ ಮಾತಿಗೆ ಯಾರು ಎದುರಾಡುತ್ತಾರೆ. ತಡವಾಗಿ ಎದ್ದಿರಬೇಕು, ನನ್ನ ತಲೆಗೆ ಕಟ್ಟುತ್ತಾಳೆ.

ಜುಲೈ 9, ಮಂಗಳವಾರ

ವರ್ಷದ ಫಿಟ್‌ನೆಸ್ ಪರೀಕ್ಷೆ ಮುಗಿಯಿತು. ಕಂಪನಿ ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಓದಿದೆ. "ನನಗಿಂತ ಚೆನ್ನಾಗಿದೆಯಲ್ರೀ ನಿಮ್ಮ ಕಣ್ಣು," ಅಂದರು. ಮೊಹರು ಬಿತ್ತು. ಇನ್ನೊಂದು ವರ್ಷ ಯಾರೂ ನನ್ನನ್ನು ಕೇಳುವ ಹಾಗಿಲ್ಲ.

ಮನೆಗೆ ಬಂದು ಇವಳಿಗೆ ಹೇಳಿದೆ. ಅವಳು ಅಡುಗೆ ಮನೆಯಲ್ಲಿದ್ದಾಳೆಂದುಕೊಂಡು ಹೇಳಿದ್ದು, ಉತ್ತರ ಬಂದದ್ದು ಪಕ್ಕದಿಂದಲೇ. ಬೆಚ್ಚಿಬಿದ್ದೆ. ಬೆಕ್ಕಿನ ಹೆಜ್ಜೆ ಅವಳದು.

ಜುಲೈ 12, ಶುಕ್ರವಾರ

ಮತ್ತೆ ನೀಲಿ ಕೊಡೆ. ಮತ್ತೆ ಅದೇ ದೂರು, ಮತ್ತೆ ಅದೇ ಉತ್ತರ, ಅದೇ ಸಹಿ. ಮೂರನೇ ಸಲ ಗೈರಾದರೆ ಅವಳನ್ನು ಕೆಲಸದಿಂದ ತೆಗೆಯುತ್ತಾರಂತೆ. ಹಾಗಿದ್ದ ಮೇಲೆ ಸರಿಯಾದ ಹೊತ್ತಿಗೆ ಬಂದು ನಿಲ್ಲಬೇಕು.

ಜುಲೈ 18, ಗುರುವಾರ

ಬಸ್ಸಿನ ಎಡ ಕನ್ನಡಿ ಹೋಯಿತು. ದೀಪದ ಕಂಬ. ದಿನಾ ನೋಡುವ ಕಂಬ.

ಬರೆಯಲು ಮನಸ್ಸಿಲ್ಲ.

ಜುಲೈ 24, ಬುಧವಾರ

ಬೆಳಿಗ್ಗೆ ತಿರುವಿನಲ್ಲಿ ಸೈಕಲ್ಲಿನವನೊಬ್ಬ ನೆಲದಿಂದ ಎದ್ದ ಹಾಗೆ ಬಂದ. ಹಿಂದಿನಿಂದ ಹೆಂಗಸರೆಲ್ಲ ಒಟ್ಟಿಗೆ ಕೂಗಿದ ಮೇಲೆ ಬ್ರೇಕ್ ಒತ್ತಿದೆ. ಅವನ ಬುಟ್ಟಿ ಮಾತ್ರ ಬಿತ್ತು. ಸೊಪ್ಪು ರಸ್ತೆ ತುಂಬಾ ಹರಡಿತು. ಅವನು ನನ್ನ ಮುಖ ನೋಡಿ ಸೊಪ್ಪು ಆಯತೊಡಗಿದ. ಬೈದಿದ್ದರೆ ವಾಸಿಯಿತ್ತು.

ಆ ಗಲಾಟೆಯಲ್ಲಿ ನೀರಿನ ಟ್ಯಾಂಕಿನ ಹತ್ತಿರ ನಿಲ್ಲಿಸಿದೆನೋ ಇಲ್ಲವೋ ನೆನಪಿಲ್ಲ. ಯಾರೂ ಕಾಣಲಿಲ್ಲ ಎನ್ನುವುದು ಮಾತ್ರ ನೆನಪಿದೆ.

ಸಂಜೆ ನೀಲಿ ಕೊಡೆಯವಳು ಶೆಡ್ಡಿಗೇ ಬಂದಳು. ಅಳುತ್ತಾಳೆಂದುಕೊಂಡಿದ್ದೆ, ಅಳಲಿಲ್ಲ. "ಅಣ್ಣಾ, ದಿನಾ ಆರ್ನೂರು ಷರ್ಟು ನೋಡಿ ಬಿಟ್ಟುಹೋದ ಹೊಲಿಗೆ ಹುಡುಕೋಳು ನಾನು. ನೀವು ನನ್ನ ಮುಂದೇನೇ ಹೋದ್ರಿ. ನನ್ನ ಮೇಲೆ ಕೋಪ ಇದ್ರೆ ಹೇಳಿ. ಸೋಮವಾರ ಕಾರ್ಖಾನೇಲಿ ನನ್ನ ಕರೆಸಿ ಕೇಳ್ತಾರೆ, ನಾನೇನು ಹೇಳ್ಲಿ?" ಅಂದಳು. ಕೋಪ ಯಾತಕ್ಕೆ, ಅವಳ ಹೆಸರೂ ನನಗೆ ಗೊತ್ತಿಲ್ಲ. ಹಾಗಂತ ಹೇಳಿದೆ. ಪುಸ್ತಕದಲ್ಲಿ ಮೂರನೇ ಸಲ ಬರೆಯುವಾಗ ಪೆನ್ನು ಸ್ವಲ್ಪ ತಡೆಯಿತು. ಬರೆದೆ.

ಬಹಳ ದಣಿದಿದ್ದೇನೆ. ನಿದ್ದೆ ಸಾಲುತ್ತಿಲ್ಲ, ಅದಕ್ಕೇ ಇದೆಲ್ಲ.

ಜುಲೈ 28, ಭಾನುವಾರ

ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ಇದನ್ನು ಅಲ್ಲಗಳೆಯಬಹುದು.

ಬೆಳಿಗ್ಗೆ ಆಡಲು ಕೂತೆ. ಮೂರನೇ ಹಂತದಲ್ಲಿ ಮತ್ತೆ ಏಳು ಜನ ಉಳಿದುಹೋದರು. ಮೇಜು ಗುದ್ದಿದೆ, ಕಾಪಿಗೂ ಭಾವಮೈದುನನ ವಂಶಕ್ಕೂ ಸೇರಿಸಿ ಬೈದೆ. ಅದು ಇವಳ ವಂಶವೂ ಹೌದು ಎನ್ನುವುದು ಮರೆತಿತ್ತು. ಯಂತ್ರ ನಿಲ್ಲಿಸಿ ಬಂದಳು. "ಏಳಿ ಮೇಲೆ. ಅದೇನು ಕೆಟ್ಟಿದೆಯೋ ನಾನೂ ನೋಡ್ತೀನಿ," ಅಂದಳು.

ಕುರ್ಚಿ ಬಿಟ್ಟುಕೊಟ್ಟೆ. ಕೋಲು ಹಿಡಿಯಲೂ ಬಾರದವಳು, ಹೆಲಿಕಾಪ್ಟರನ್ನು ಮೊದಲ ಮರಕ್ಕೇ ಹೊಡೆದಳು. ನಾಲ್ಕು ಸಲ ಸತ್ತಳು, ನಕ್ಕಳು. ನಾನು ಅವಳ ಬಲಕ್ಕೆ ನಿಂತು ಹೇಳಿಕೊಡುತ್ತಿದ್ದೆ. ಹೇಗೋ ಮೂರನೇ ಹಂತಕ್ಕೆ ಬಂದಳು.

"ಅಯ್ಯೋ, ನಾಯಿ," ಅಂದಳು.

"ಎಲ್ಲಿ?"

"ಇಲ್ಲೇ ಕಿಟಕೀಲಿ. ಬಾಲ ಅಲ್ಲಾಡಿಸ್ತಿದೆ. ಪಕ್ಕದ ಮನೆ ಮೇಲೆ ಮೂರು ಜನ ಕೈ ಬೀಸ್ತಿದಾರೆ. ಇಷ್ಟು ದಿನ ಇವರನ್ನೆಲ್ಲ ಯಾಕೆ ಬಿಟ್ಟುಹೋಗ್ತಿದ್ರಿ?"

ನಾನು ತಿರುಗುವಷ್ಟರಲ್ಲಿ ನಾಯಿ ಒಳಗೆ ಹೋಗಿತ್ತು. ಮೂರು ಜನ ಇದ್ದರು.

ಭಾವಮೈದುನನಿಗೆ ಫೋನ್ ಮಾಡಿ, ಚಿತ್ರವನ್ನು ಎಡಬಲ ತಿರುಗಿಸಲು ಆಗುತ್ತದೆಯೇ ಎಂದು ಕೇಳಿದೆ. ಆಗುತ್ತದೆ, ಹಳೇ ಪೆಟ್ಟಿಗೆಗಳಲ್ಲಿ ಕನ್ನಡಿ ಇದ್ದದ್ದರಿಂದ ಅದಕ್ಕೊಂದು ಆಯ್ಕೆ ಇಟ್ಟಿದ್ದಾರೆ ಅಂದ. ತಿರುಗಿಸಿದೆ. ಇಡೀ ಊರು ಕನ್ನಡಿಯಲ್ಲಿ ನೋಡಿದ ಹಾಗೆ ಆಯಿತು, ಶಾಲೆ ಎಡಕ್ಕೆ ಹೋಯಿತು, ನಾಯಿಯ ಮನೆ ಬಲಕ್ಕೆ ಬಂತು. ಕುರ್ಚಿಯಲ್ಲಿ ಕೂತೆ. ಇವಳಿಗೆ ಎರಡನೇ ಕೋಲು ಕೊಟ್ಟು ಆಡಲು ಹೇಳಿ, ನಾನು ನಡುವಿನ ಪರದೆಯ ಒಂದೇ ಚುಕ್ಕೆ ನೋಡುತ್ತಾ ಕೂತೆ.

ನಾಯಿ ಬಂತು. ಬಲಗಡೆ. ಅದೇ ಕಂದು ನಾಯಿ, ಮೂವತ್ತೇಳು ವರ್ಷದ ಹಿಂದಿನದು, ಬಾಲ ಅಲ್ಲಾಡಿಸುತ್ತಾ. ಮೂರು ಜನವೂ ಕಂಡರು, ಆಚೆ ಮನೆಯ ಇನ್ನಿಬ್ಬರೂ ಕಂಡರು. ಶಾಲೆಯ ಮಾಳಿಗೆ ಮಾತ್ರ ಈಗ ಖಾಲಿಯಾಗಿತ್ತು. ಇಷ್ಟು ದಿನ ಒಂದು ಮಗುವನ್ನೂ ಬಿಡದೆ ಎತ್ತಿದ ಮಾಳಿಗೆ ಅದು.

"ಶಾಲೆ ಮೇಲೆ ಮಕ್ಕಳಿದಾರಾ?" ಎಂದು ಕೇಳಿದೆ.

"ತುಂಬಾ ಇದಾರೆ," ಅಂದಳು.

ಮಾನಿಟರು ಬದಲಾಯಿಸಿದೆ, ವೈರು ಬದಲಾಯಿಸಿದೆ, ಈಗ ಆಟವನ್ನೇ ಬದಲಾಯಿಸಿದೆ. ದೋಷ ಎಡಗಡೆಯೇ ಉಳಿಯಿತು. ಆ ಕುರ್ಚಿಯಲ್ಲಿ ಬದಲಾಗದೆ ಉಳಿದದ್ದು ನಾನೊಬ್ಬನೇ.

ಇವಳು ಕೋಲು ಕೆಳಗಿಟ್ಟಳು. ಆಮೇಲೆ, "ಎರಡು ತಿಂಗಳಿಂದ ಪಕ್ಕದಲ್ಲಿ ಬಂದು ನಿಲ್ತೀನಿ, ನೀವು ತಿರುಗಿ ನೋಡಲ್ಲ. ಬೇಕಂತ್ಲೇ ಮಾಡ್ತೀರಿ ಅಂದ್ಕೊಂಡಿದ್ದೆ," ಅಂದಳು. ಅವಳ ಕಣ್ಣು ತುಂಬಿತ್ತು. ನನಗೆ ಭಯವಾಯಿತು. ಭಯವಾಯಿತು ಎಂದು ಅವಳಿಗೂ ಹೇಳಿದೆ.

ನಾಳೆ ಐದೂವರೆಗೆ ಟ್ರಿಪ್ ಇದೆ. ಬದಲಿ ಡ್ರೈವರಿಗೆ ನನ್ನ ದಾರಿ ಗೊತ್ತಿಲ್ಲ. ಫಿಟ್‌ನೆಸ್ ಕಾಗದ ಇದೆ, ಮೊಹರು ಇದೆ. ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡುತ್ತಾ ನಾಳೆ ಒಂದು ದಿನ ಓಡಿಸಿ, ಆಮೇಲೆ ಡಾಕ್ಟರ ಹತ್ತಿರ ಹೋಗಬಹುದು. ಇನ್ನೂ ನಾಲ್ಕು ವರ್ಷ ಸ್ಟೀರಿಂಗ್ ಹಿಡಿಯುವವನಿದ್ದೆ. ಒಂದು ದಿನ ತಾನೇ.

ಜುಲೈ 29, ಸೋಮವಾರ

ನಡೆದುಕೊಂಡೇ ಶೆಡ್ಡಿಗೆ ಹೋದೆ. ಎಂಜಿನ್ ಶುರು ಮಾಡದೆ ಬಸ್ಸಿನ ಸೀಟಿನಲ್ಲಿ ಕೂತೆ. ಎದುರಿನ ಗೋಡೆಯ ಮೊಳೆಯೊಂದನ್ನು ನೋಡುತ್ತಾ ಎಡಗೈಯನ್ನು ಪಕ್ಕಕ್ಕೆ ಚಾಚಿ ಬೆರಳು ಅಲ್ಲಾಡಿಸಿದೆ. ಕಾಣಲಿಲ್ಲ. ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಂದೆ. ಕೈ ಹೆಚ್ಚುಕಡಿಮೆ ಮೂಗಿನ ನೇರಕ್ಕೆ ಬಂದಮೇಲೆ ಬೆರಳು ಕಂಡಿತು. ಬಲಗೈಯನ್ನೂ ಹಾಗೇ ಚಾಚಿದೆ, ಅದು ಚಾಚಿದಲ್ಲೇ ಕಂಡಿತು.

ಕೀ ತೆಗೆದುಕೊಂಡು ಹೋಗಿ ಟೈಮ್‌ಕೀಪರನ ಮೇಜಿನ ಮೇಲಿಟ್ಟೆ. "ಎಡಗಡೆ ನನಗೆ ಕಣ್ಣು ಕಾಣ್ತಿಲ್ಲ," ಅಂದೆ.

"ಮೊನ್ನೆ ತಾನೇ ಪಾಸಾಗಿದೆಯಲ್ರೀ ನಿಮ್ದು. ಇದೊಂದು ಟ್ರಿಪ್ ಹೊಡೆದು ಬನ್ನಿ, ಆಮೇಲೆ ನೋಡೋಣ."

"ಒಂದು ಟ್ರಿಪ್ ಅಂದ್ರೆ ನಲವತ್ತೆರಡು ಜನ," ಅಂದೆ.

ಆಮೇಲೆ ಟ್ರಿಪ್ ಪುಸ್ತಕ ಕೇಳಿದೆ. ಜುಲೈ ಒಂದು, ಹನ್ನೆರಡು, ಇಪ್ಪತ್ತನಾಲ್ಕು. ಮೂರು ಕಡೆಯೂ ನನ್ನ ಸಾಲಿನ ಮೇಲೆ ಗೆರೆ ಎಳೆದು ಕೆಳಗೆ ಬರೆದೆ: 'ನಿಲ್ದಾಣದಲ್ಲಿ ಜನ ಇದ್ದರು. ಚಾಲಕನಿಗೆ ಕಾಣಲಿಲ್ಲ.' ಮೂರು ಸಹಿ ಹಾಕಿದೆ. ಟೈಮ್‌ಕೀಪರ್ ಓದಿ, "ಇದು ಮೇಲಕ್ಕೆ ಹೋದ್ರೆ ನಿಮ್ಮ ಇಪ್ಪತ್ತೆಂಟು ವರ್ಷಾನೂ ಹೋಯ್ತು," ಅಂದ. ಕನ್ನಡಿ ಒಡೆದಾಗಲೇ ಹೋಗಿದೆ, ಗೊತ್ತಾಗಲು ತಡವಾಯಿತು, ಅಷ್ಟೆ. ಆ ಪುಟಗಳ ಫೋಟೋ ತೆಗೆಸಿ, ಅವನ ಎದುರಿಗೇ ಕೂತು ಆಗಲೇ ಕಾರ್ಖಾನೆಗೆ ಕಳಿಸುವಂತೆ ಮಾಡಿದೆ.

ಬದಲಿ ಡ್ರೈವರಿಗೆ ದಾರಿ ತೋರಿಸಲು ಬಾಗಿಲ ಪಕ್ಕದ ಮುಂದಿನ ಸೀಟಿನಲ್ಲಿ ಕೂತೆ. ಇಷ್ಟು ವರ್ಷದಲ್ಲಿ ಆ ಸೀಟಿನಲ್ಲಿ ಕೂತದ್ದು ಇದೇ ಮೊದಲು. ಪ್ರತಿ ನಿಲ್ದಾಣಕ್ಕೂ ಕುತ್ತಿಗೆ ಪೂರ್ತಿ ತಿರುಗಿಸಿದೆ. ನೀರಿನ ಟ್ಯಾಂಕಿನ ತಿರುವಿನಲ್ಲಿ ಅವಳು ನಿಂತಿದ್ದಳು, ಕೊಡೆ ಬಿಚ್ಚಿ, ತಲೆಯ ಮೇಲಲ್ಲ, ಮುಂದಕ್ಕೆ ಚಾಚಿ ಬಾವುಟದಂತೆ ಬೀಸುತ್ತಾ. ಮೂರು ವಾರದಿಂದ ಹಾಗೆ ಬೀಸುತ್ತಿದ್ದಳೆಂದು ಹಿಂದೆ ಕೂತವರು ಹೇಳಿದರು. ಅವರೂ ನನಗೆ ಕೋಪವೆಂದೇ ತಿಳಿದಿದ್ದರಂತೆ.

ಹತ್ತಿದವಳು ಸ್ಟೀರಿಂಗ್ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಯಾಕಣ್ಣಾ ಇಲ್ಲಿ ಕೂತಿದೀರಾ?"

"ನೀನು ಅಲ್ಲೇ ಇದ್ದೆಯಮ್ಮಾ, ಮೂರು ಸಲಾನೂ. ನನ್ನ ಕಣ್ಣಿಗೆ ಆ ಕಡೆ ಇಲ್ಲ. ಪುಸ್ತಕದಲ್ಲಿ ಬರೆದು ಕಳಿಸಿದೀನಿ. ತಪ್ಪಾಯ್ತು."

ಅವಳು ಕೊಡೆ ಮಡಚಿದಳು. ಹಿಂದೆ ಜಾಗವಿದ್ದರೂ ನನ್ನ ಪಕ್ಕದಲ್ಲೇ ಕೂತಳು. ಕಾರ್ಖಾನೆಯ ಗೇಟು ಬರುವವರೆಗೆ ಕೂತಿದ್ದಳು.

ಆಗಸ್ಟ್ 2, ಶುಕ್ರವಾರ

ಕಣ್ಣಿನ ಡಾಕ್ಟರು ಒಂದು ಬಟ್ಟಲಿನಂಥ ಯಂತ್ರದೊಳಗೆ ಮುಖ ಇಡಿಸಿ, ಚುಕ್ಕೆ ಕಂಡಾಗೆಲ್ಲ ಗುಂಡಿ ಒತ್ತಲು ಹೇಳಿದರು. ಅದೂ ಒಂದು ಆಟವೇ. ಕಾಗದದ ಮೇಲೆ ಎರಡೂ ಕಣ್ಣಿನ ಚಿತ್ರ ಬಂತು, ಎಡಗಣ್ಣಿನದು ನಡುವಿನ ಚುಕ್ಕೆ ಬಿಟ್ಟು ಕಪ್ಪು, ಬಲಗಣ್ಣಿನದು ಎಡಭಾಗ ಕಪ್ಪು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆಯಂತೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಲು ದಿನಕ್ಕೆ ಎರಡು ಸಲ ಹನಿ ಹಾಕಬೇಕು. ಬಸ್ಸು ಮುಗಿಯಿತು.

"ಅಷ್ಟೊಂದು ಹೋಗಿದ್ರೂ ನನಗೆ ಯಾಕೆ ಗೊತ್ತಾಗ್ಲಿಲ್ಲ?" ಎಂದು ಕೇಳಿದೆ.

"ಕಾಣದ ಕಡೆ ಕತ್ತಲೆ ಅನ್ಸಲ್ಲ. ಅಲ್ಲಿ ಯಾರೂ ಇಲ್ಲ ಅನ್ಸತ್ತೆ," ಅಂದರು.

ಮನೆಗೆ ಬರುವಾಗ ಇವಳು ನನ್ನ ಎಡಗೈ ಹಿಡಿದುಕೊಂಡಿದ್ದಳು. ಬೀದಿಯಲ್ಲಿ ಹಾಗೆ ಹಿಡಿದವಳೇ ಅಲ್ಲ.

ಆಗಸ್ಟ್ 18, ಭಾನುವಾರ

ಶೆಡ್ಡಿನಲ್ಲಿ ನನಗೆ ಬಿಡಿಭಾಗಗಳ ಕೋಣೆ ಕೊಟ್ಟಿದ್ದಾರೆ. ನಟ್ಟು ಬೋಲ್ಟು ಎಣಿಸುವ ಕೆಲಸ. ಬೆಳಿಗ್ಗೆ ಐದಕ್ಕೆ ಈಗಲೂ ಎಚ್ಚರವಾಗುತ್ತದೆ, ಕಾಲು ಕ್ಲಚ್ ಹುಡುಕುತ್ತದೆ. ನೀಲಿ ಕೊಡೆಯವಳ ಗೈರುಹಾಜರಿ ಹೊಡೆದುಹಾಕಿದ್ದಾರೆಂದು ಬದಲಿ ಡ್ರೈವರ್ ಹೇಳಿದ.

ಮಧ್ಯಾಹ್ನ ಆಟವಾಡಿದೆವು. ಎರಡನೇ ಕೋಲು, ನೀಲಿ ಹೆಲಿಕಾಪ್ಟರ್ ಇವಳದು. ಚಿತ್ರವನ್ನು ಮೊದಲಿನಂತೆ ಮಾಡಿದ್ದೇನೆ. ಎಡ ಪರದೆ ಅವಳು ನೋಡಿಕೊಳ್ಳುತ್ತಾಳೆ, ಉಳಿದದ್ದು ನಾನು. ಮರಗಳಿಗೆ ಹೊಡೆಯುವುದನ್ನು ಅವಳು ಇನ್ನೂ ಬಿಟ್ಟಿಲ್ಲ. ಮೂರನೇ ಹಂತದಲ್ಲಿ ನಾನು ಶಾಲೆಯ ಮಕ್ಕಳನ್ನು ಎತ್ತುತ್ತಿದ್ದಾಗ, "ಬಂತು ನೋಡ್ರೀ," ಅಂದಳು.

ಕೋಲು ಬಿಟ್ಟು ಪೂರ್ತಿ ತಿರುಗಿದೆ. ಮೊಣಕೈ ಹತ್ತಿರ ಚಹಾ ಇತ್ತು, ಇನ್ನೂ ಹಬೆಯಾಡುತ್ತಿತ್ತು. ಅದರ ಆಚೆ ಇವಳಿದ್ದಳು, ನಾಲಿಗೆ ಕಚ್ಚಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದುಕೊಂಡು. ಅವಳ ಆಚೆ ಕಿಟಕಿಯಲ್ಲಿ ನಾಯಿ. ಹಗ್ಗ ಕೆಳಗೆ ಇಳಿಯುತ್ತಿತ್ತು.

ನನ್ನ ಹೆಲಿಕಾಪ್ಟರಿಗೆ ಬಲಗಡೆಯಿಂದ ಹಕ್ಕಿ ಬಡಿದ ಸದ್ದು ಕೇಳಿಸಿತು. ನಾನು ಇವಳ ಕಡೆಯೇ ನೋಡುತ್ತಿದ್ದೆ.